ತುಂಬಿದ ವರ್ಷ, ನಡೆಯುವ ವರ್ಷ

ಎಂಟನೆಯ ತರಗತಿಗೆ ಮೊಮ್ಮಗಳನ್ನು ಸೇರಿಸಲು ಬಂದ ಅಜ್ಜಿಯೊಡನೆ ಪ್ರಾಯ ಎಷ್ಟೆಂದು ಕೇಳಿದರೆ, "ಹದಿಮೂರು ನಡೆಯುತ್ತಾ ಉಂಟು ಮಾಷ್ಟ್ರೇ" ಎನ್ನುತ್ತಾರೆ. ಅಂದರೆ ತುಂಬಿದ್ದು ಹನ್ನೆರಡು. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಶಾಲೆಯ ಕಾಗದಪತ್ರಗಳಿಗೆ ಬೇಕಾದುದು ತುಂಬಿದ ವರ್ಷ ಮಾತ್ರ. ಅದನ್ನು ಇಂದು ನಾವು ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಲೆಕ್ಕ ಮಾಡುತ್ತೇವೆ. ಅದು ಹೇಗೆ ಲೆಕ್ಕ ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ವಿದ್ಯಾರ್ಥಿಗಳೂ ಹೆತ್ತವರೂ ತಿಳಿದಿರುವುದು ಒಳ್ಳೆಯದು.

ಸ್ಪ್ರೆಡ್‌ಶೀಟಿಗೆ ದಿನಾಂಕವೆಂದರೆ ಬರೇ ಒಂದು ಸಂಖ್ಯೆ. ಎಕ್ಸೆಲ್‌ನಲ್ಲಿ 1900 ಜನವರಿ 1 ಎಂದರೆ 1. ಅಲ್ಲಿಂದ ದಿನಕ್ಕೊಂದರಂತೆ ಎಣಿಕೆ ಏರುತ್ತದೆ. 2012 ಜೂನ್ 1 ಅದರ ಪಾಲಿಗೆ 41061. 2025 ಜೂನ್ 1 ಎಂದರೆ 45809. ಒಂದರಿಂದ ಇನ್ನೊಂದನ್ನು ಕಳೆದರೆ 4748 ದಿನಗಳು.

ಇದನ್ನು 365ರಿಂದ ಭಾಗಿಸಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ಅಧಿಕ ವರ್ಷಗಳ ಹೆಚ್ಚಿನ ದಿನಗಳು ಆಗ ಲೆಕ್ಕ ಕೆಡಿಸುತ್ತವೆ: 2011 ಜೂನ್ 3ರಂದು ಹುಟ್ಟಿದ ಹುಡುಗನಿಗೆ 2025 ಜೂನ್ 1ರಂದೇ, ಹುಟ್ಟುಹಬ್ಬಕ್ಕೆ ಎರಡು ದಿನ ಇರುವಾಗಲೇ, ಹದಿನಾಲ್ಕು ತುಂಬಿಬಿಡುತ್ತದೆ! ಹಾಗಾದರೆ 365.25ರಿಂದ ಭಾಗಿಸೋಣವೇ? 4748ನ್ನು ಭಾಗಿಸಿ ನೋಡಿ, 13ಕ್ಕೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಪೂರ್ಣಾಂಕವನ್ನಷ್ಟೇ ಇಟ್ಟುಕೊಂಡರೆ, ಅಂದೇ ಹದಿಮೂರು ತುಂಬಿದ ಹುಡುಗಿಗೆ ಹನ್ನೆರಡೇ ಆಯಿತು.

ಇದಕ್ಕೆಂದೇ 'ಡೇಟ್‌ಡಿಫ್' ಎಂಬ ಸೂತ್ರವಿದೆ. ಲೋಟಸ್ 1-2-3 ಎಂಬ ಹಳೆಯ ತಂತ್ರಾಂಶದೊಡನೆ ಹೊಂದಿಕೆಯಾಗಲೆಂದು ಎಕ್ಸೆಲ್ ಇದನ್ನು ಉಳಿಸಿಕೊಂಡಿದೆ. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿಯೂ ಇದು ನಡೆಯುತ್ತದೆ. ಸಮಚಿಹ್ನೆ ಹಾಕಿ, ಸೂತ್ರದ ಹೆಸರು ಬರೆದು, ಆವರಣದೊಳಗೆ ಕ್ರಮವಾಗಿ ಜನ್ಮದಿನಾಂಕವಿರುವ ಮನೆ, ಲೆಕ್ಕ ಹಾಕಬೇಕಾದ ದಿನಾಂಕವಿರುವ ಮನೆ, ಉದ್ಧರಣ ಚಿಹ್ನೆಗಳ ನಡುವೆ ಇಂಗ್ಲಿಷಿನ 'ವೈ' ಅಕ್ಷರ, ಇವನ್ನು ಅಲ್ಪವಿರಾಮ ಕೊಟ್ಟು ಬರೆದರೆ ತುಂಬಿದ ವರ್ಷ ಸಿಗುತ್ತದೆ. 'ವೈಎಂ' ಎಂದರೆ ಮಿಕ್ಕ ತಿಂಗಳುಗಳು. ಮಿಕ್ಕ ದಿನಗಳಿಗಾಗಿ ಇರುವ 'ಎಂಡಿ'ಯನ್ನು ಮಾತ್ರ ನಂಬಬೇಡಿ. ಅದು ಕೆಲವೊಮ್ಮೆ ತಪ್ಪುತ್ತದೆ. ಫೆಬ್ರವರಿ 29ರಂದು ಹುಟ್ಟಿದವರಿಗೆ ಸಾಧಾರಣ ವರ್ಷಗಳಲ್ಲಿ ಈ ಸೂತ್ರ ಮಾರ್ಚ್ 1ರಂದು ವರ್ಷ ತುಂಬಿಸುತ್ತದೆ.

ಲೆಕ್ಕದ ದಿನಾಂಕ ಯಾವುದು ಎಂಬುದು ಬಹಳ ಮುಖ್ಯ. 'ಟುಡೇ' ಎಂದು ಕೊಟ್ಟರೆ ಜೂನ್‌ನ ಪಟ್ಟಿ ಡಿಸೆಂಬರ್‌ನಲ್ಲಿ ತಾನಾಗಿಯೇ ಬದಲಾಗಿರುತ್ತದೆ. ನಿಯಮ ಹೇಳುವ ದಿನಾಂಕವನ್ನೇ ಒಂದು ಮನೆಯಲ್ಲಿ ಬರೆದಿಡಬೇಕು. ಮತದಾರರ ಪಟ್ಟಿಗೆ ಹದಿನೆಂಟು ತುಂಬಿತೇ ಎಂದು ನೋಡುವ ದಿನ ಮೊದಲು ಜನವರಿ 1 ಒಂದೇ ಆಗಿತ್ತು. 2022ರಿಂದ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಸಹ ಸೇರಿವೆ.

ಸೂತ್ರ ಸರಿಯಿದ್ದರೂ ಮೋಸ ಹೋದ ನನ್ನ ಅನುಭವವನ್ನು ಹೇಳಲೇಬೇಕು. 2025ರಲ್ಲಿ ಒಂದು ಸ್ಪರ್ಧೆಗೆ ಜುಲೈ 1ಕ್ಕೆ ಹದಿನಾಲ್ಕು ತುಂಬದವರ ಪಟ್ಟಿ ಕೇಳಿದ್ದರು. ಒಬ್ಬ ಹುಡುಗಿಯ ಜನ್ಮದಿನಾಂಕ 05/08/2011, ಅಂದರೆ ಆಗಸ್ಟ್ 5. ಆ ಕಂಪ್ಯೂಟರು ಅಮೆರಿಕದ ಪದ್ಧತಿಯಲ್ಲಿ ತಿಂಗಳನ್ನು ಮೊದಲು ಓದಿ, ಅದನ್ನು ಮೇ 8 ಎಂದು ತಿಳಿಯಿತು. ಅವಳಿಗೆ ಹದಿನಾಲ್ಕು ತುಂಬಿದೆಯೆಂದು ನಾನು ಹೆಸರು ಬಿಟ್ಟೆ. ತಂದೆ ಜನನ ಪ್ರಮಾಣಪತ್ರ ಹಿಡಿದು ಬರುವಾಗ ಪಟ್ಟಿ ಹೋಗಿಯಾಗಿತ್ತು. ಅವರು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಕಷ್ಟವಾಯಿತು.

ದಿನ 12ಕ್ಕಿಂತ ಹೆಚ್ಚಿದ್ದರೆ ಇಂಥ ಕಂಪ್ಯೂಟರು ಅದನ್ನು ದಿನಾಂಕವೆಂದೇ ಒಪ್ಪದೆ, ಮನೆಯ ಎಡಬದಿಗೆ ಬರೇ ಅಕ್ಷರಗಳಂತೆ ಇಡುತ್ತದೆ, ಕಣ್ಣಿಗೆ ಬೀಳುತ್ತದೆ. ದಿನ 12ರೊಳಗಿದ್ದರೆ ಸದ್ದಿಲ್ಲದೆ ಅದಲುಬದಲಾಗುತ್ತದೆ. ಆದ್ದರಿಂದ ಈಗ ಪಟ್ಟಿಯಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಕಾಣಿಸುವಂತೆ ಮಾಡಿ, ಕಳುಹಿಸುವ ಮೊದಲು ಎರಡು ದಿನ ಸೂಚನಾ ಫಲಕದಲ್ಲಿ ಹಾಕುತ್ತೇನೆ. ಮಕ್ಕಳೇ, ನಿಮ್ಮ ಸಾಲನ್ನು ಓದಿ, ಮನೆಯಲ್ಲಿರುವ ಪ್ರಮಾಣಪತ್ರದೊಡನೆ ತಾಳೆ ನೋಡಿ, ವ್ಯತ್ಯಾಸವಿದ್ದರೆ ಸ್ಟಾಫ್ ರೂಮಿಗೆ ಬಂದು ಹೇಳಿ.