ಮನಸ್ಸಿನ ಕಾಯಿಲೆಯ ಕಡತ: ಬೀಗದ ಕೈ ಯಾರ ಬಳಿ ಇರಬೇಕು?

ಆನೆಕೊಂಡದ ಹಳೆಯ ಈಶ್ವರ ದೇವಾಲಯದ ಆಸುಪಾಸಿನ ಬೀದಿಗಳಲ್ಲಾಗಲಿ, ಹರಿಹರದ ಹೊಳೆದಂಡೆಯ ಓಣಿಗಳಲ್ಲಾಗಲಿ, ದೀರ್ಘಕಾಲದ ಕಾಯಿಲೆಯವರಿರುವ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿರುವುದು ಸಾಮಾನ್ಯ. ವೈದ್ಯರ ಚೀಟಿಗಳು, ರಕ್ತಪರೀಕ್ಷೆಯ ವರದಿಗಳು, ಮಡಿಚಿ ಮಡಿಚಿ ಹರಿದುಹೋದ ಡಿಸ್ಚಾರ್ಜ್ ಕಾಗದ ಎಲ್ಲವೂ ಅದರಲ್ಲಿ. ಸಕ್ಕರೆ ಕಾಯಿಲೆಯ ಚೀಲವಾದರೆ ಗೋಡೆಯ ಗೂಟಕ್ಕೆ ತೂಗಾಡುತ್ತದೆ. ಬಂದವರು ಹೋದವರು ನೋಡಿದರೂ ಯಾರಿಗೂ ಸಂಕೋಚವಿಲ್ಲ. ಮನಸ್ಸಿನ ಕಾಯಿಲೆಯ ಚೀಲವಾದರೋ ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿರುತ್ತದೆ. ಈ ಎರಡು ಚೀಲಗಳ ನಡುವಣ ಅಂತರವನ್ನು ಅರಿಯದೆ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ವಿಷಯವನ್ನು ಅರ್ಥ ಮಾಡಿಕೊಳ್ಳಲಾಗದು.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ದಾವಣಗೆರೆಯ ಹೆಣ್ಣುಮಗಳೊಬ್ಬಳನ್ನು ಹರಿಹರದ ಮನೆಯೊಂದಕ್ಕೆ ಕೊಟ್ಟಿದ್ದಾರೆ. ಮದುವೆಗೆ ಮುನ್ನ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಪಡೆದು ಸ್ವಸ್ಥಳಾಗಿರುವ ಆಕೆ ಇಂದಿಗೂ ಲಿಥಿಯಂ ಮಾತ್ರೆ ಸೇವಿಸುತ್ತಾಳೆ. ಗಂಡನಿಗೆ ತಿಳಿದಿದೆ, ಅತ್ತೆಗೆ ತಿಳಿದಿಲ್ಲ. ಬೇಸಿಗೆಯಲ್ಲಿ ಒಮ್ಮೆ ವಾಂತಿಭೇದಿಯಾಗಿ, ಮೈಕೈ ನೋವಿನೊಡನೆ ಆಸ್ಪತ್ರೆಗೆ ಬರುತ್ತಾಳೆ; ಜೊತೆಯಲ್ಲಿ ಅತ್ತೆ. “ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ?” ಎಂದು ವೈದ್ಯರು ಕೇಳುತ್ತಾರೆ. ಆಕೆ ಅತ್ತೆಯ ಮುಖ ನೋಡಿ “ಇಲ್ಲ” ಎನ್ನುತ್ತಾಳೆ. ವೈದ್ಯರು ಸಾಮಾನ್ಯ ನೋವುನಿವಾರಕವೊಂದನ್ನು ಬರೆಯುತ್ತಾರೆ.

ಅಪಾಯವಿರುವುದು ಇಲ್ಲಿಯೇ. ಲಿಥಿಯಂ ಗುಣಕಾರಿಯಾಗುವ ಪ್ರಮಾಣಕ್ಕೂ ವಿಷಕಾರಿಯಾಗುವ ಪ್ರಮಾಣಕ್ಕೂ ಇರುವ ಅಂತರ ಅತ್ಯಲ್ಪ. ಆದ್ದರಿಂದಲೇ ಅದನ್ನು ಸೇವಿಸುವವರ ರಕ್ತವನ್ನು ಆಗಾಗ ಪರೀಕ್ಷಿಸಲಾಗುತ್ತದೆ. ದೇಹದಲ್ಲಿ ನೀರಿನಂಶ ಕುಗ್ಗಿದಾಗ, ಅದರ ಮೇಲೆ ಐಬುಪ್ರೊಫೇನ್‌ನಂತಹ ನೋವುನಿವಾರಕ ಸೇರಿದಾಗ, ಮೂತ್ರಪಿಂಡಗಳು ಲಿಥಿಯಂ ಅನ್ನು ಹೊರಹಾಕುವುದು ಕಡಿಮೆಯಾಗಿ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಕೈನಡುಕ, ಮಾತಿನ ತೊದಲು, ಗೊಂದಲ, ಮಿತಿಮೀರಿದರೆ ಪ್ರಾಣಾಪಾಯ. ಹಳೆಯ ಚೀಟಿಯ ಒಂದು ಸಾಲು ವೈದ್ಯರ ಕಣ್ಣಿಗೆ ಬಿದ್ದಿದ್ದರೆ ಇದು ತಪ್ಪುತ್ತಿತ್ತು. ಆದರೆ ಅದೇ ಸಾಲು ಅತ್ತೆಯ ಕಿವಿಗೆ ಬಿದ್ದರೆ ಆಕೆಯ ಸಂಸಾರವೇ ಅಲುಗಾಡಬಹುದು. ವೈದ್ಯರಿಗೆ ತಿಳಿಯಬೇಕು, ಅನ್ಯರಿಗೆ ತಿಳಿಯಬಾರದು. ಕಾಗದದ ಚೀಲದಿಂದ ಇವೆರಡೂ ಒಟ್ಟಿಗೆ ಸಾಧ್ಯವಾಗುತ್ತಿರಲಿಲ್ಲ.

ವಿದ್ಯುನ್ಮಾನ ದಾಖಲೆಯಿಂದ ಸಾಧ್ಯವೇ? ಸಾಧ್ಯವೆಂದು ಕಾನೂನೂ ತಂತ್ರಜ್ಞಾನವೂ ಹೇಳುತ್ತವೆ. ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ನಾಡಲ್ಲ. ಜಿಲ್ಲೆಯನ್ನು ಘಟಕವಾಗಿಟ್ಟುಕೊಂಡು ಮಾನಸಿಕ ಆರೋಗ್ಯ ಸೇವೆ ನೀಡುವ ಪ್ರಯೋಗವನ್ನು ನಿಮ್ಹಾನ್ಸ್ ಬಳ್ಳಾರಿಯಲ್ಲಿ 1980ರ ದಶಕದಲ್ಲೇ ನಡೆಸಿತ್ತು; 1996ರಲ್ಲಿ ಆರಂಭವಾದ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆ ದೊರಕಿಸುವ ‘ಮನೋಚೈತನ್ಯ’ ಯೋಜನೆಯೂ ನಮ್ಮ ರಾಜ್ಯದ್ದು. ರಾಜ್ಯವು ‘ಇ-ಮನಸ್’ ಎಂಬ ವ್ಯವಸ್ಥೆಯನ್ನೂ ಆರಂಭಿಸಿತು. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ನಿಮ್ಹಾನ್ಸ್ ಮತ್ತು ಆರೋಗ್ಯ ಇಲಾಖೆಯ ಸಹಯೋಗದಲ್ಲಿ ಇದನ್ನು ರೂಪಿಸಿತು. ರಾಜ್ಯದ ಮಾನಸಿಕ ಆರೋಗ್ಯ ಸಂಸ್ಥೆಗಳು, ವೃತ್ತಿಪರರು ಹಾಗೂ ಚಿಕಿತ್ಸಾ ದಾಖಲೆಗಳನ್ನು ಒಂದು ಜಾಲದೊಳಗೆ ತರುವುದು ಇದರ ಉದ್ದೇಶ. ಒಂದು ಸಂಸ್ಥೆಯಲ್ಲಿರುವ ಕಡತವನ್ನು ಮತ್ತೊಂದು ಸಂಸ್ಥೆಯ ವೈದ್ಯರು ರೋಗಿಯ ಸಮ್ಮತಿಯ ಮೇಲೆ ನೋಡಬೇಕೆಂಬುದು ಇದರ ರಚನೆಯಲ್ಲೇ ಅಡಕವಾಗಿದೆ.

ಇದರ ಹಿಂದಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ. ಅದರ 23ನೆಯ ಪ್ರಕರಣವು ರೋಗಿಯ ಗೋಪ್ಯತೆಯನ್ನು ಹಕ್ಕೆಂದು ಕರೆಯುತ್ತದೆ. 24ನೆಯ ಪ್ರಕರಣವು ವಿದ್ಯುನ್ಮಾನ ಅಥವಾ ಡಿಜಿಟಲ್ ರೂಪದಲ್ಲಿರುವ ಮಾಹಿತಿಗೂ ಈ ಹಕ್ಕು ಅನ್ವಯಿಸುತ್ತದೆಂದು ಸ್ಪಷ್ಟಪಡಿಸುತ್ತದೆ. 25ನೆಯದು ರೋಗಿಯು ತನ್ನ ದಾಖಲೆಯನ್ನು ತಾನೇ ನೋಡುವ ಹಕ್ಕನ್ನು ನೀಡುತ್ತದೆ. ಗಂಭೀರ ಹಾನಿಯಾಗುವ ಸಂಭವವಿದ್ದರೆ ಮಾತ್ರ ವೈದ್ಯರು ಕೆಲವು ಅಂಶಗಳನ್ನು ತಡೆಹಿಡಿಯಬಹುದು.

ಗೋಪ್ಯತೆಗೆ ವಿನಾಯಿತಿಗಳಿವೆ ಎಂಬುದನ್ನು ಮರೆಮಾಚಬಾರದು. ಚಿಕಿತ್ಸೆ ನೀಡುವ ಇತರ ವೈದ್ಯರಿಗೆ ಚಿಕಿತ್ಸೆಯ ಸಲುವಾಗಿ, ಪ್ರಾಣಾಪಾಯವನ್ನು ತಪ್ಪಿಸುವ ಸಲುವಾಗಿ, ಇನ್ನೊಬ್ಬರಿಗೆ ಹಾನಿಯಾಗದಂತೆ ತಡೆಯುವ ಸಲುವಾಗಿ, ನ್ಯಾಯಾಲಯದ ಆದೇಶದ ಮೇರೆಗೆ ಮಾಹಿತಿ ನೀಡಬಹುದು. ಹಾನಿ ತಡೆಯಲು ನೀಡುವಾಗಲೂ ಆ ಹಾನಿಗೆ ಸಂಬಂಧಿಸಿದಷ್ಟು ಮಾತ್ರ. ಈ ಪಟ್ಟಿಯಲ್ಲಿ ಅತ್ತೆಮಾವಂದಿರಿಲ್ಲ, ನೌಕರಿ ಕೊಟ್ಟವರಿಲ್ಲ, ಸಂಬಂಧ ಕುದುರಿಸುವ ಮಧ್ಯಸ್ಥರೂ ಇಲ್ಲ.

ರಾಷ್ಟ್ರಮಟ್ಟದಲ್ಲಿ 2021ರ ಸೆಪ್ಟೆಂಬರ್ 27ರಂದು ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ವಿಧಾನವನ್ನೂ ತಿಳಿಯಬೇಕು. ಅದರಲ್ಲಿ ನೋಂದಾಯಿಸಿದವರಿಗೆ 14 ಅಂಕಿಗಳ ‘ಆಭಾ’ ಸಂಖ್ಯೆ ದೊರೆಯುತ್ತದೆ. ನಮ್ಮೆಲ್ಲರ ಕಡತಗಳು ದೆಹಲಿಯ ಯಾವುದೋ ಒಂದು ಕಂಪ್ಯೂಟರಿನಲ್ಲಿ ಗುಡ್ಡೆಯಾಗಿವೆ ಎಂಬ ಭಾವನೆ ಹಲವರಲ್ಲಿದೆ. ವ್ಯವಸ್ಥೆಯ ರಚನೆ ಹಾಗಿಲ್ಲ. ಚಿಕಿತ್ಸೆ ನೀಡಿದ ಆಸ್ಪತ್ರೆಯಲ್ಲಿಯೇ ದಾಖಲೆ ಉಳಿಯುತ್ತದೆ. ಹೊಸ ವೈದ್ಯರಿಗೆ ಅದು ಬೇಕಾದಾಗ ಅವರ ಕಡೆಯಿಂದ ಒಂದು ಕೋರಿಕೆ ಹೊರಡುತ್ತದೆ: ಯಾವ ಉದ್ದೇಶಕ್ಕೆ, ಯಾವ ಬಗೆಯ ದಾಖಲೆ, ಯಾವ ಅವಧಿಯದು, ಎಷ್ಟು ದಿನ ನೋಡಲು. ರೋಗಿಯ ಮೊಬೈಲಿಗೆ ಬಂದ ಆ ಕೋರಿಕೆಯನ್ನು ಒಪ್ಪಬಹುದು, ನಿರಾಕರಿಸಬಹುದು, ‘ಔಷಧ ಚೀಟಿ ಮಾತ್ರ’ ಎಂದು ಕುಗ್ಗಿಸಲೂಬಹುದು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಬಹುದು. ನಾವು ಕಲ್ಪಿಸಿಕೊಂಡ ಆ ಹೆಣ್ಣುಮಗಳು ಬಾಯಿ ಬಿಡದೆಯೇ, ಬೆರಳಿನ ಒಂದು ಒತ್ತಿನಿಂದ ಲಿಥಿಯಂ ವಿಷಯವನ್ನು ವೈದ್ಯರಿಗೆ ತಿಳಿಸಬಲ್ಲಳು. ಪಕ್ಕದಲ್ಲಿ ಕುಳಿತ ಅತ್ತೆಗೆ ಅದು ಕೇಳಿಸದು.

ಆದರೆ ಆ ಮೊಬೈಲು ಯಾರದು? ಇಡೀ ವ್ಯವಸ್ಥೆಯ ಕೀಲು ಇಲ್ಲಿದೆ. ಇದನ್ನು ತಂತ್ರಜ್ಞರಿಗಿಂತ ನಾವೇ ಚೆನ್ನಾಗಿ ಬಲ್ಲೆವು. ಪಡಿತರ ಚೀಟಿಗೆ, ಗ್ಯಾಸಿಗೆ, ಬ್ಯಾಂಕಿಗೆ ಮನೆಯ ಯಜಮಾನನ ಒಂದೇ ಸಂಖ್ಯೆ ಕೊಡುವುದು ನಮ್ಮಲ್ಲಿ ರೂಢಿ. ಆರೋಗ್ಯ ದಾಖಲೆಗೂ ಮಾವನ ಸಂಖ್ಯೆ ಬರೆಸಿದ್ದರೆ ಕೋರಿಕೆ ಹೋಗುವುದು ಮಾವನ ಕೈಗೆ. ಸೊಸೆಯ ಹೆಸರಿನಲ್ಲಿ ಸಮ್ಮತಿ ಕೊಡುವವನೂ ಅವನೇ. ಆಸ್ಪತ್ರೆಯ ಕೌಂಟರಿನಲ್ಲಿ “ಒಟಿಪಿ ಹೇಳ್ರಿ” ಎಂದ ಕೂಡಲೇ ಆರು ಅಂಕಿಗಳನ್ನು ಗಟ್ಟಿಯಾಗಿ ಒಪ್ಪಿಸಿಬಿಡುವ ಅಭ್ಯಾಸವೂ ನಮಗುಂಟು. ಅದು ಯಾವುದಕ್ಕೆಂದು ಕೇಳುವವರು ವಿರಳ, ಸರದಿಯ ನೂಕುನುಗ್ಗಲಿನಲ್ಲಿ ಹೇಳುವವರು ಇನ್ನೂ ವಿರಳ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯ ಪ್ರಕಾರ ಸಮ್ಮತಿಯು ಸ್ವತಂತ್ರವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಆಗಿರಬೇಕು. ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ, ಎಂದರೆ ಕನ್ನಡದಲ್ಲಿಯೂ, ಪಡೆಯುವ ಅವಕಾಶವನ್ನು ಅದು ಕಲ್ಪಿಸಿದೆ. ಅರ್ಥವಾಗದ ಇಂಗ್ಲಿಷ್ ಪುಟದ ಕೆಳಗೆ ಒತ್ತಿದ ಒಪ್ಪಿಗೆಯನ್ನು ಒಪ್ಪಿಗೆಯೆನ್ನಲು ನನಗಂತೂ ಮನಸ್ಸು ಬಾರದು.

ಇನ್ನೊಂದು ಸೂಕ್ಷ್ಮವಿದೆ. ‘ಚೀಟಿ ಮಾತ್ರ ಕೊಡುತ್ತೇನೆ, ಕಾಯಿಲೆಯ ಹೆಸರು ಬೇಡ’ ಎಂದರೂ ಔಷಧದ ಹೆಸರೇ ಕಾಯಿಲೆಯನ್ನು ಸಾರಿಬಿಡುತ್ತದೆ. ಕಾಗದದ ನೆತ್ತಿಯಲ್ಲಿರುವ ಆಸ್ಪತ್ರೆಯ ಹೆಸರೂ ಅಷ್ಟೇ. ನಮ್ಮ ಕಡೆ ‘ನಿಮ್ಹಾನ್ಸ್’ ಎಂಬ ಒಂದು ಶಬ್ದ ಸಾಕು. ಆದ್ದರಿಂದ ಪೂರ್ಣ ಮರೆ ಎಂಬುದು ಇಲ್ಲ. ಇರುವುದು ಮಿತಿ ಮಾತ್ರ. ಜ್ವರಕ್ಕೆ ಚಿಕಿತ್ಸೆ ಕೊಡುವ ವೈದ್ಯರಿಗೆ ಈಗಿನ ಔಷಧಗಳು, ಒಗ್ಗದ ಔಷಧಗಳು, ಇತ್ತೀಚಿನ ರಕ್ತಪರೀಕ್ಷೆ ಇಷ್ಟು ಸಾಕು. ಆಪ್ತಸಮಾಲೋಚಕರ ಮುಂದೆ ಅತ್ತು ಹೇಳಿಕೊಂಡ ಬಾಲ್ಯದ ನೋವು, ದಾಂಪತ್ಯದ ಕಲಹ, ಸಾವಿನ ಯೋಚನೆ ಇವುಗಳ ಟಿಪ್ಪಣಿ ಅವರಿಗೆ ಬೇಕಿಲ್ಲ.

ಅಂತಹ ಟಿಪ್ಪಣಿಗಳು ಹೊರಬಿದ್ದರೆ ಏನಾಗುತ್ತದೆಂಬುದನ್ನು ಫಿನ್ಲೆಂಡ್ ಕಂಡಿದೆ. ಅಲ್ಲಿನ ವಾಸ್ತಾಮೋ ಎಂಬ ಮನಶ್ಚಿಕಿತ್ಸಾ ಸಂಸ್ಥೆಯಿಂದ ಸುಮಾರು 33,000 ಜನರ ದಾಖಲೆಗಳು ಕಳವಾದವು. 2020ರಲ್ಲಿ ಕಳ್ಳನು ರೋಗಿಗಳಿಗೇ ನೇರವಾಗಿ ಪತ್ರ ಕಳುಹಿಸಿ ಹಣಕ್ಕೆ ಪೀಡಿಸಿದನು. ಅಪರಾಧಿಗೆ 2024ರಲ್ಲಿ ಸೆರೆವಾಸವಾಯಿತು, ಆದರೆ ಹೊರಬಂದ ಮಾತನ್ನು ಮತ್ತೆ ಒಳಗಿಡಲಾಗಲಿಲ್ಲ. ನಮ್ಮಲ್ಲಿಯೂ 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರ್ ಜಾಲದ ಮೇಲೆ ದಾಳಿ ನಡೆದು ಹಲವು ದಿನ ಕೆಲಸ ಕೈಬರಹದಲ್ಲಿ ಸಾಗಬೇಕಾಯಿತು. ಅಮೆರಿಕದಲ್ಲಿ ಮದ್ಯ ಮತ್ತು ಮಾದಕವ್ಯಸನದ ಚಿಕಿತ್ಸೆಯ ಕಡತಗಳಿಗೆ 1970ರ ದಶಕದಿಂದಲೂ ಪ್ರತ್ಯೇಕ ಗೋಪ್ಯತಾ ನಿಯಮವಿದೆ. ಪೊಲೀಸರಿಗೋ ಮಾಲೀಕರಿಗೋ ತಿಳಿದೀತೆಂಬ ಅಂಜಿಕೆಯಿಂದ ಜನ ಚಿಕಿತ್ಸೆಗೇ ಬರುವುದಿಲ್ಲವೆಂಬುದು ಅದರ ಹಿಂದಿನ ತರ್ಕ. ನಮ್ಮ ಮನೆಗಳಲ್ಲಿ ಆ ಪೊಲೀಸರ ಸ್ಥಾನದಲ್ಲಿ ಬಂಧುಬಳಗವಿದೆ, ಅಷ್ಟೇ ವ್ಯತ್ಯಾಸ.

ಮದುವೆಗೆ ಮುನ್ನ ಕಾಯಿಲೆಯನ್ನು ಮುಚ್ಚಿಡಬೇಕೆ ಎಂದು ಕೆಲವರು ಕೇಳಬಹುದು. ಮುಚ್ಚಿಡಬಾರದು, ಆದರೆ ಹೇಳುವ ಹಕ್ಕು ಆ ವ್ಯಕ್ತಿಯದು. ಆತನೋ ಆಕೆಯೋ ತಾನಾಗಿ ಹೇಳುವುದಕ್ಕೂ, ಪರಿಚಯದ ನೌಕರನೊಬ್ಬನು ಆಸ್ಪತ್ರೆಯ ಕಂಪ್ಯೂಟರಿನಿಂದ ಹೆಕ್ಕಿ ಬೀಗರಿಗೆ ತಲುಪಿಸುವುದಕ್ಕೂ ಅಜಗಜಾಂತರವಿದೆ.

ಕಾಯಿಲೆ ಉಲ್ಬಣಿಸಿ ತಾನೇ ನಿರ್ಧರಿಸಲಾಗದ ಸ್ಥಿತಿ ಬಂದಾಗ ಏನು? ಅದಕ್ಕೂ 2017ರ ಕಾಯಿದೆಯಲ್ಲಿ ದಾರಿಯಿದೆ. ಸ್ವಸ್ಥವಾಗಿರುವಾಗಲೇ ತನಗೆ ನಂಬಿಕೆಯುಳ್ಳ ಒಬ್ಬರನ್ನು ನಾಮನಿರ್ದೇಶಿತ ಪ್ರತಿನಿಧಿಯನ್ನಾಗಿ ನೇಮಿಸಿಕೊಳ್ಳಬಹುದು. ತಾಯಿಯಾಗಲಿ, ಗಂಡನಾಗಲಿ, ಅಣ್ಣನಾಗಲಿ, ಗೆಳತಿಯಾಗಲಿ, ಆಯ್ಕೆ ಆ ವ್ಯಕ್ತಿಯದೇ. ನೇಮಿಸದೆ ಬಿಟ್ಟರೆ ಸಾಮಾನ್ಯವಾಗಿ ಆ ಸ್ಥಾನ ಬಂಧುವೊಬ್ಬರಿಗೆ ಸಲ್ಲುತ್ತದೆ. ಆ ಬಂಧು ಯಾರಿಂದ ವಿಷಯವನ್ನು ಮರೆಸಿಡಲಾಗಿತ್ತೋ ಅವರೇ ಆಗಿರಲೂಬಹುದು. ನೇಮಕಕ್ಕೆ ಛಾಪಾ ಕಾಗದ ಬೇಕಿಲ್ಲ. ಬಿಳಿಯ ಹಾಳೆಯ ಮೇಲೆ ಬರೆದು ಸಹಿ ಹಾಕಿದರೆ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೆ ಸಾಕು. ಮನಸ್ಸು ಬದಲಾದರೆ ಬದಲಿಸಲೂಬಹುದು. ಹಾಳೆಯ ಒಂದು ಪ್ರತಿಯನ್ನು ಚಿಕಿತ್ಸೆ ನೀಡುವ ವೈದ್ಯರಿಗೆ ಕೊಟ್ಟು, ಅದೇ ದಿನ ನೋಂದಣಿ ಕೌಂಟರಿನಲ್ಲಿ ತಮ್ಮ ಹೆಸರಿನ ಮುಂದೆ ಯಾರ ಮೊಬೈಲ್ ಸಂಖ್ಯೆಯಿದೆಯೆಂದು ವಿಚಾರಿಸಿ, ಅದು ತಮ್ಮದಲ್ಲದಿದ್ದರೆ ತಿದ್ದಿಸಿಕೊಂಡು ಬರಬೇಕು.