ಮಳೆಗೆ ಮನೆ ಬಿದ್ದರೆ ಮೊದಲು ಯಾರ ಬಳಿ ಹೋಗಬೇಕು?



ಮಳೆಗಾಲದ ಜುಮಾ ಖುತ್ಬಾದಲ್ಲಿ ನಾವು ಹೇಳಿದ ಮಾತುಗಳನ್ನು ಬರೆದು ಕೊಡಿ ಎಂದು ಹಲವರು ಕೇಳಿದರು. ಮಿಂಬರಿನ ಮೇಲೆ ಹೇಳಲಾಗದ ಕಚೇರಿಯ ವಿಷಯಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಚಂಡಮಾರುತ ಎಂದರೆ ಸಮುದ್ರದ ಕಡೆಯವರ ಕಷ್ಟ ಎಂದು ನಾವು ಅಂದುಕೊಳ್ಳುತ್ತೇವೆ. ಗಾಳಿ ನಮ್ಮಲ್ಲಿಗೆ ಬಾರದಿರಬಹುದು, ನೀರು ಬರುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಬಿದ್ದ ಮಳೆ ಹೇಮಾವತಿಯಲ್ಲಿ ಹರಿದು ಗೊರೂರು ಜಲಾಶಯವನ್ನು 2922 ಅಡಿಗೆ ತುಂಬಿಸಿದರೆ, ಗೇಟು ತೆರೆದ ನೀರು ಹೊಳೆನರಸೀಪುರದ ದಂಡೆಯ ಮೇಲೆಯೇ ಹಾದುಹೋಗಬೇಕು. ಕೊಡಗಿನಲ್ಲಿ ಬಿದ್ದದ್ದು ಕಾವೇರಿಯಲ್ಲಿ ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರಕ್ಕೆ ಬರುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳನ್ನು ಆ ಕಡೆಯವರು ಮರೆತಿಲ್ಲ. ಚನ್ನರಾಯಪಟ್ಟಣ ಪೇಟೆಯ ಪಕ್ಕದಲ್ಲಿ ಹೊಳೆಯಿಲ್ಲ, ಆದರೆ ಕೆರೆ ಕೋಡಿ ಬಿದ್ದಾಗ, ನಾಲ್ಕು ದಿನ ಬಿಡದೆ ಸುರಿದಾಗ ನೆನೆದ ಮಣ್ಣಿನ ಗೋಡೆ ರಾತ್ರೋರಾತ್ರಿ ಕುಸಿಯುತ್ತದೆ. ಹಾಸನದ ತಗ್ಗಿನ ಬೀದಿಗಳಲ್ಲಿ ಚರಂಡಿ ನೀರು ಮನೆಯೊಳಗೆ ಬರುತ್ತದೆ.

ಆಮೇಲೆ ಏನಾಗುತ್ತದೆ? ನಾವು ಕಂಡಂತೆ, ನಮ್ಮವರಲ್ಲಿ ಬಹಳ ಮಂದಿ ಯಾರನ್ನೂ ಕೇಳುವುದಿಲ್ಲ. "ಕೈ ಚಾಚುವುದು ಬೇಡ ಹಜ್ರತ್, ಅಲ್ಲಾಹ್ ಕೊಡುತ್ತಾನೆ" ಎನ್ನುತ್ತಾರೆ. ಮರ್ಯಾದಸ್ಥರ ಮಾತು. ಆದರೆ ಈ ವಿಷಯದಲ್ಲಿ ಶರೀಅತ್ ಏನು ಹೇಳುತ್ತದೆ ಎಂಬುದನ್ನು ತಿಳಿದು ಆಡಬೇಕಾದ ಮಾತು. ಕಬೀಸಾ ಬಿನ್ ಮುಖಾರಿಕ್(ರ) ಅವರ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಕೇಳುವುದು ಮೂವರಿಗೆ ಮಾತ್ರ ಸಮ್ಮತ ಎಂದು ಪ್ರವಾದಿ(ಸ) ಅವರಿಗೆ ತಿಳಿಸಿದರು. ಆ ಮೂವರಲ್ಲಿ ಒಬ್ಬ, ವಿಪತ್ತು ಬಂದೆರಗಿ ಆಸ್ತಿಪಾಸ್ತಿ ನಾಶವಾದವನು. ಜೀವನ ನಡೆಸಲು ಆಧಾರ ಸಿಗುವ ತನಕ ಅವನು ಕೇಳಬಹುದು. ಇನ್ನೊಬ್ಬ, ಬಡತನಕ್ಕೆ ಬಿದ್ದವನು. ಅವನ ಪರವಾಗಿ ಅವನ ಜನರಲ್ಲೇ ಮೂವರು ವಿವೇಕಿಗಳು ಸಾಕ್ಷಿ ಹೇಳಬೇಕು.

ಬಿದ್ದ ಮನೆಗೆ ಸರ್ಕಾರ ಕೊಡುವುದಂತೂ ಭಿಕ್ಷೆಯೇ ಅಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿಯಲ್ಲಿ ಅದಕ್ಕೆಂದೇ ನಿಧಿಯಿದೆ. ಜಿಲ್ಲೆಯಲ್ಲಿ ಅದರ ಹೊಣೆ ಜಿಲ್ಲಾಧಿಕಾರಿಯವರದು. ನಾವು ಕಟ್ಟಿದ ತೆರಿಗೆಯೂ ಅದರಲ್ಲಿದೆ.

ಆ ಹದೀಸ್‌ನ ಮೂವರು ಸಾಕ್ಷಿಗಳ ಮಾತು ಕೇಳಿದಾಗಲೆಲ್ಲ ನಮಗೆ ಕಂದಾಯ ಇಲಾಖೆಯ ಮಹಜರು ನೆನಪಾಗುತ್ತದೆ. ಪರಿಹಾರದ ಬೇರು ಅಲ್ಲಿದೆ. ನೀರು ನುಗ್ಗಿದ ಅಥವಾ ಗೋಡೆ ಬಿದ್ದ ದಿನವೇ ಗ್ರಾಮ ಆಡಳಿತಾಧಿಕಾರಿಗೆ (ಹಳಬರು ಇನ್ನೂ ಗ್ರಾಮಲೆಕ್ಕಿಗರು ಎನ್ನುತ್ತಾರೆ) ತಿಳಿಸಬೇಕು. ಪೇಟೆಯಾದರೆ ಪುರಸಭೆಗೂ, ಅರಕಲಗೂಡಿನಲ್ಲಿ ಪಟ್ಟಣ ಪಂಚಾಯಿತಿಗೂ ತಿಳಿಸಬೇಕು. ರಾತ್ರಿಯಾಗಿದ್ದರೆ 1077ಕ್ಕೆ ಫೋನ್ ಮಾಡಿ, ಅದು ಜಿಲ್ಲೆಯ ವಿಪತ್ತು ಸಹಾಯವಾಣಿ. ಜೀವಕ್ಕೆ ಅಪಾಯವಿದ್ದರೆ 112. ತಂತಿ ಹರಿದು ಬಿದ್ದಿದ್ದರೆ 1912. ಅಧಿಕಾರಿ ಬಂದು ನೋಡಿ, ಅಕ್ಕಪಕ್ಕದವರ ಸಹಿ ಪಡೆದು ಮಹಜರು ಬರೆಯುತ್ತಾರೆ. ಎಂಜಿನಿಯರ್ ಹಾನಿಯ ಅಂದಾಜು ಕೊಡುತ್ತಾರೆ. ಅದು ತಹಶೀಲ್ದಾರರಿಗೆ ಹೋಗುತ್ತದೆ.

ನಮ್ಮ ಹೆಣ್ಣುಮಕ್ಕಳು ಚೊಕ್ಕಟ. ನೀರು ಇಳಿದ ಕೂಡಲೇ ಕೆಸರು ಬಳಿದು, ಒದ್ದೆ ಹಾಸಿಗೆ ಎಸೆದು, ಮನೆ ತೊಳೆದುಬಿಡುತ್ತಾರೆ. ಅಧಿಕಾರಿ ಬಂದಾಗ ತೋರಿಸಲು ಏನೂ ಇರುವುದಿಲ್ಲ! ತೊಳೆಯುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಗೋಡೆಯ ಮೇಲೆ ನೀರು ನಿಂತ ಗುರುತು, ಬಿದ್ದ ಭಾಗ, ಹಾಳಾದ ಅಕ್ಕಿ ಮೂಟೆ, ಹೊಲಿಗೆ ಯಂತ್ರ ಎಲ್ಲವೂ ಬರಲಿ. ಮನೆಯವರು ಒಬ್ಬರು ಫೋಟೊದಲ್ಲಿ ನಿಂತಿರಲಿ.

ಎಷ್ಟು ಸಿಗುತ್ತದೆ ಎಂಬುದು ಎಲ್ಲರ ಪ್ರಶ್ನೆ. ಕೇಂದ್ರದ 2022-26ರ ಮಾನದಂಡದ ಪ್ರಕಾರ ಬಯಲುಸೀಮೆಯಲ್ಲಿ ಪೂರ್ತಿ ಹಾಳಾದ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಹಾನಿ ಶೇ. 15 ಆದರೂ ಇರಬೇಕು. ರಾಜ್ಯ ಸರ್ಕಾರ ಇದಕ್ಕಿಂತ ಹೆಚ್ಚು ಕೊಟ್ಟದ್ದಿದೆ. 2019ರ ಪ್ರವಾಹದ ನಂತರ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ನೀರು ನುಗ್ಗಿದ ಕುಟುಂಬಕ್ಕೆ ತಕ್ಷಣದ ಖರ್ಚಿಗೆ 10 ಸಾವಿರ ಎಂದು ಆದೇಶವಾಯಿತು. ಆ 5 ಲಕ್ಷ ಒಂದೇ ಸಲ ಬರುವ ಹಣವಲ್ಲ. ಕಟ್ಟಡ ಏರಿದಂತೆ ಕಂತುಕಂತಾಗಿ ಬಂತು. ರಾಜ್ಯದ ಆದೇಶ ವರ್ಷವರ್ಷಕ್ಕೂ ಬದಲಾಗುತ್ತದೆ. ಆದ್ದರಿಂದ "ಈ ವರ್ಷದ ಆದೇಶ ಏನು?" ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಚಹಾ ಅಂಗಡಿಯಲ್ಲಿ ಕೇಳಬೇಡಿ.

ಹಸು, ಎಮ್ಮೆ, ಆಡು ಸಾಕಿದವರಿಗೂ ಹಕ್ಕಿದೆ. ಅದೇ ಮಾನದಂಡದಲ್ಲಿ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500, ಆಡು ಕುರಿಗೆ 4,000. ಸತ್ತ ಪ್ರಾಣಿಯನ್ನು ಪಶುವೈದ್ಯರಿಗೆ ತೋರಿಸದೆ ಹೂಳಿದರೆ ಆ ಹಣದ ಆಸೆ ಬಿಡಬೇಕು.

ಈಗ ಖುತ್ಬಾದಲ್ಲಿ ನಾವು ಸ್ವಲ್ಪ ಜೋರಾಗಿಯೇ ಹೇಳಿದ ವಿಷಯ. ನಮ್ಮ ಮೊಹಲ್ಲಾಗಳಲ್ಲಿ ಬಾಡಿಗೆದಾರರು ಹೆಚ್ಚು. ಮನೆ ಬಿದ್ದದ್ದಕ್ಕೆ ಬರುವ ಹಣ ಮಾಲೀಕನದು, ಸರಿ. ಆದರೆ ಬಟ್ಟೆ, ಪಾತ್ರೆಗೆಂದು ಬರುವ ಹಣ ಆ ಮನೆಯಲ್ಲಿ ಬದುಕುತ್ತಿದ್ದ ಕುಟುಂಬದ್ದು. ಮಾನದಂಡದಲ್ಲಿ ಬಟ್ಟೆಗೆ 2,500, ಪಾತ್ರೆಗೆ 2,500 ಎಂದು ಪ್ರತ್ಯೇಕವಾಗಿಯೇ ಇದೆ. ಮಾಲೀಕ ತನ್ನ ಹೆಸರು ಬರೆಸಿ ಅದನ್ನೂ ಪಡೆದರೆ ಅದು ಇನ್ನೊಬ್ಬರ ಹಕ್ಕನ್ನು ತಿಂದಂತೆ. ಬಾಡಿಗೆದಾರರ ಆಧಾರ್‌ನಲ್ಲಿ ಊರಿನ ಹಳೆಯ ವಿಳಾಸವಿರುತ್ತದೆ, ಕರೆಂಟ್ ಬಿಲ್ ಮಾಲೀಕನ ಹೆಸರಿನಲ್ಲಿರುತ್ತದೆ. ಹಾಗಾಗಿ ಮಹಜರಿನ ಹೊತ್ತಿಗೆ ಅವರು ಅಲ್ಲೇ ಇದ್ದು ತಮ್ಮ ಹೆಸರು ಬರೆಸಬೇಕು. ಮಾಲೀಕ ಪಕ್ಕದಲ್ಲಿ ನಿಂತು "ಹೌದು, ಇವರು ಇಲ್ಲೇ ಇದ್ದವರು" ಎಂದರೆ ಮುಗಿಯಿತು. ಅಷ್ಟು ಹೇಳಲು ಕಷ್ಟವೇನು?

ಇನ್ನೊಂದು ಕಡೆಯ ತಪ್ಪೂ ಇದೆ. ಅಡುಗೆಕೋಣೆಯ ಒಂದು ಮೂಲೆ ಬಿದ್ದದ್ದಕ್ಕೆ ಉಳಿದ ಗೋಡೆಯನ್ನು ಹಾರೆಯಿಂದ ಕೆಡವಿ ಪೂರ್ತಿ ಬಿದ್ದಿದೆ ಎನ್ನುವುದು, ಅದಕ್ಕೆ ಮೂವರು ಸಹಿ ಹಾಕುವುದು. ಸುಳ್ಳು ಸಾಕ್ಷಿ ದೊಡ್ಡ ಪಾಪಗಳಲ್ಲಿ ಒಂದು ಎಂದು ಹದೀಸ್‌ಗಳಲ್ಲಿದೆ. ಮಹಜರಿನ ಸಹಿಯೂ ಸಾಕ್ಷಿಯೇ. ನೂರಕ್ಕೆ ಇಷ್ಟು ಕೊಡಿ, ಪಟ್ಟಿಗೆ ಸೇರಿಸುತ್ತೇವೆ ಎಂದು ಬರುವ ಮಧ್ಯವರ್ತಿಗಳನ್ನು ಮನೆಯೊಳಗೆ ಕೂರಿಸಬೇಡಿ.

ಕಾಗದಪತ್ರದ ತೊಡಕು ನಮ್ಮಲ್ಲಿ ಬೇರೆಯದೇ. ಮನೆ ದಾದಾ ಹೆಸರಿನಲ್ಲಿರುತ್ತದೆ, ಅವರು ತೀರಿ ಇಪ್ಪತ್ತು ವರ್ಷವಾಗಿರುತ್ತದೆ, ಮಕ್ಕಳು ಪಾಲು ಮಾಡಿಕೊಂಡಿರುವುದಿಲ್ಲ. ಬಿದ್ದ ಮನೆಯ ಮುಂದೆ ನಿಂತು ಅಣ್ಣತಮ್ಮಂದಿರು ವಾದಿಸಿದರೆ ಯಾರ ಖಾತೆಗೂ ಹಣ ಬಾರದು. ಪೌತಿ ಖಾತೆಯನ್ನು ಮಳೆ ಬರುವ ಮೊದಲೇ ಮಾಡಿಸಿ. ಸಹೋದರಿಯರ ಪಾಲನ್ನು ಅದರಲ್ಲಿ ಮರೆಯಬೇಡಿ. ಪರಿಹಾರದ ಹಣ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದವರು ಬೇರೆ ಪಾಸ್‌ಬುಕ್ ನೋಡಿ "ಬಂದಿಲ್ಲ" ಎಂದು ಅಲೆಯುವುದುಂಟು. ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

ಹೇಳಲು ಮನಸ್ಸು ಬಾರದ ಒಂದು ವಿಷಯವಿದೆ, ಆದರೆ ಹೇಳಲೇಬೇಕು. ನೀರಿನಲ್ಲಿ ಕೊಚ್ಚಿಹೋಗಿ ಅಥವಾ ಗೋಡೆಯಡಿ ಸಿಕ್ಕಿ ಯಾರಾದರೂ ತೀರಿಕೊಂಡರೆ ನಾವು ದಫನಿಗೆ ಅವಸರ ಮಾಡುತ್ತೇವೆ. ಅವಸರ ಮಾಡುವುದೇ ಸುನ್ನತ್, ನಿಜ. ಆದರೆ ಪ್ರಾಣಹಾನಿಗೆ ಕೊಡುವ 4 ಲಕ್ಷ ರೂಪಾಯಿಗೆ ಸಾವಿನ ಕಾರಣದ ಅಧಿಕೃತ ದಾಖಲೆ ಬೇಕು. ಪೊಲೀಸರಿಗೆ ತಿಳಿಸದೆ, ಮರಣೋತ್ತರ ಪರೀಕ್ಷೆ ಮಾಡಿಸದೆ ದಫನ್ ಮಾಡಿದರೆ ಆ ವಿಧವೆ, ಆ ಅನಾಥ ಮಕ್ಕಳು ಏನನ್ನು ತೋರಿಸಬೇಕು? ಕಾನೂನಿನ ಅಗತ್ಯವಿರುವಾಗ ಇದಕ್ಕೆ ಅನುಮತಿಯಿದೆ ಎಂದು ಇಂದಿನ ಅನೇಕ ವಿದ್ವಾಂಸರು ಹೇಳಿದ್ದಾರೆ. 2019ರ ಆಗಸ್ಟ್‌ನಲ್ಲಿ ಕೇರಳದ ನಿಲಂಬೂರು ಬಳಿಯ ಕವಳಪ್ಪಾರದಲ್ಲಿ ಗುಡ್ಡ ಕುಸಿದಾಗ ಪೋತುಕಲ್ಲಿನ ಜುಮಾ ಮಸೀದಿಯವರು ನಮಾಝ್ ಮಾಡುವ ಜಾಗವನ್ನೇ ಮರಣೋತ್ತರ ಪರೀಕ್ಷೆಗೆ ಬಿಟ್ಟುಕೊಟ್ಟರು. ಸತ್ತವರು ಯಾವ ಧರ್ಮದವರು ಎಂದು ನೋಡಲಿಲ್ಲ.

ಅರ್ಜಿ ಕೊಟ್ಟೂ ಹೆಸರು ಪಟ್ಟಿಯಲ್ಲಿ ಬಾರದಿದ್ದರೆ ಸುಮ್ಮನಾಗಬೇಡಿ. ತಹಶೀಲ್ದಾರರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ, ಆಮೇಲೆ ಉಪವಿಭಾಗಾಧಿಕಾರಿಗೆ, ಜಿಲ್ಲಾಧಿಕಾರಿಗೆ ಬರೆಯಿರಿ. ಬಹಳ ಜನರಿಗೆ ಗೊತ್ತಿಲ್ಲದ ಬಾಗಿಲು ಇನ್ನೊಂದಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಪ್ರವಾಹದಂಥ ವಿಪತ್ತಿಗೆ ತುತ್ತಾದವರಿಗೆ ಉಚಿತ ವಕೀಲರನ್ನು ಕೊಡುತ್ತದೆ. ನಮ್ಮ ತಾಲ್ಲೂಕುಗಳ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಬಗ್ಗೆ ಕೇಳಿ. ಫೋನ್ ಆದರೆ 15100.

ಬರೆಯಲು ಬಾರದವರು ಅಸರ್ ನಮಾಝ್ ಆದ ಮೇಲೆ ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಮನೆ ಕಂದಾಯದ ರಸೀದಿ ತಂದರೆ ಮದ್ರಸದ ಕೋಣೆಯಲ್ಲಿ ಕುಳಿತು ನಾವು ಅರ್ಜಿ ಬರೆದುಕೊಡುತ್ತೇವೆ. ಹೆಂಗಸರು ಹಿಂದಿನ ಬಾಗಿಲಿನಿಂದ ಬರಬಹುದು. ಪಕ್ಕದ ಬೀದಿಯ ಹಿಂದೂ ಸಹೋದರರ ಗೋಡೆ ಬಿದ್ದಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ಅರ್ಜಿಯ ನಮೂನೆ ಎಲ್ಲರಿಗೂ ಒಂದೇ.