ಮನೆ ಬಿಟ್ಟ ಮೊದಲ ಆರು ತಿಂಗಳು

ಪಿಯುಸಿ ಮುಗಿಸಿ ಡಿಗ್ರಿಗೆಂದು ಚಿಕ್ಕಮಗಳೂರಿಗೆ ಬಂದ ಹುಡುಗ ಆರು ತಿಂಗಳಲ್ಲಿ ಸಿಗರೇಟು ಹಿಡಿದರೆ ಕಳಸ, ಮೂಡಿಗೆರೆಯ ಮನೆಗಳಲ್ಲಿ ಕೇಳಿಬರುವುದು ಒಂದೇ ಮಾತು: ಸಹವಾಸ ಕೆಟ್ಟಿತು. ಸಹವಾಸದ ಪಾಲಿಲ್ಲವೆಂದಲ್ಲ. ಆದರೆ ಬದಲಾದದ್ದು ಗೆಳೆಯರಷ್ಟೇ ಅಲ್ಲ, ಇಡೀ ದಿನಚರಿ. ತೋಟದ ದಾರಿಯಲ್ಲಿ ಬಸ್‌ಸ್ಟಾಪಿನವರೆಗೆ ದಿನಾ ನಡೆಯುತ್ತಿದ್ದವನಿಗೆ ಈಗ ನಡಿಗೆಯೇ ಇಲ್ಲ. ಅಕ್ಕಿರೊಟ್ಟಿ ತಿಂದೇ ಹೊರಡುತ್ತಿದ್ದವನು ಖಾಲಿ ಹೊಟ್ಟೆಯಲ್ಲಿ ಮೊದಲ ಕ್ಲಾಸಿಗೆ ಓಡುತ್ತಾನೆ, ಹನ್ನೊಂದಕ್ಕೆ ಬೇಕರಿಯ ಪಫ್ಸು, ಟೀ. ಬೇಗ ದೀಪ ಆರುತ್ತಿದ್ದ ಮನೆಯಿಂದ ಬಂದವನ ಕೈಯಲ್ಲಿ ನಡುರಾತ್ರಿಯವರೆಗೂ ಮೊಬೈಲು. ಮಳೆಗಾಲ ಹಿಡಿದರಂತೂ ಮೈದಾನವೆಲ್ಲ ಕೆಸರು, ಸಂಜೆಯೆಲ್ಲ ರೂಮಿನೊಳಗೇ. ಸಿಗರೇಟು, ಬಿಯರು ಕಣ್ಣಿಗೆ ಬೀಳುವ ಹೊತ್ತಿಗೆ ನಿದ್ದೆ, ಊಟ, ನಡಿಗೆ ಆಗಲೇ ತಪ್ಪಿಹೋಗಿರುತ್ತವೆ.

ಹಾಗಾಗಿ ವಿದ್ಯಾರ್ಥಿ ರಾತ್ರಿ ಎಲ್ಲಿರುತ್ತಾನೆ ಎಂಬುದೇ ಮುಖ್ಯ. ಮಲೆನಾಡಿನಲ್ಲಿ ಅದನ್ನು ತೀರ್ಮಾನಿಸುವುದು ಬಹುಪಾಲು ಬಸ್ಸು. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸುಮಾರು 30 ಕಿಲೋಮೀಟರು, ದಿನಾ ಹೋಗಿಬರಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟಿನ ಖರ್ಚೂ ಉಳಿಯಿತು. ಕಳಸದವರಿಗೆ ದಿನಾ ಓಡಾಡುವ ಅನುಕೂಲವಿಲ್ಲ. ಬಾಳೆಹೊನ್ನೂರಿನ ಮೇಲೆ ಬಂದರೂ ಹೋಗಿಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ, ರೂಮು ಮಾಡದೆ ದಾರಿಯಿಲ್ಲ. ಕಾರ್ಮಿಕರೇ ನಡೆಸುತ್ತಿದ್ದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತಾಗ ನಾವು ಅದನ್ನು ಸಾರಿಗೆಯ ನಷ್ಟವೆಂದಷ್ಟೇ ಎಣಿಸಿದೆವು. ಮಕ್ಕಳ ಆರೋಗ್ಯದ ನಷ್ಟವನ್ನೂ ಆ ಲೆಕ್ಕಕ್ಕೆ ಸೇರಿಸಬೇಕಿತ್ತು.

ಹದಿನೆಂಟು ತುಂಬಿದವರ ಬದುಕು ಅವರ ಆಯ್ಕೆ, ಬೇರೆಯವರು ತಲೆಹಾಕಬಾರದು ಎನ್ನುವವರಿದ್ದಾರೆ. ಕಾನೂನು ಹಾಗೆ ನೋಡಿಲ್ಲ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ, ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಡಿಗ್ರಿಯ ವರ್ಷಗಳು ಬಹುತೇಕ ಅದರೊಳಗೇ ಬರುತ್ತವೆ. ಮಾನಸಿಕ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು 24ರ ವಯಸ್ಸಿನೊಳಗೆ ಶುರುವಾಗುತ್ತವೆಂದು 2005ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆ ತೋರಿಸಿದೆ. ಈ ವಯಸ್ಸಿನ ನಿದ್ದೆಗೇಡನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಚಟ ಪಿಯುಸಿಯಲ್ಲೇ ಅಂಟಿರುತ್ತದೆ, ಕಾಲೇಜೇನು ಮಾಡೀತು ಎಂಬ ಮಾತಿನಲ್ಲೂ ಸತ್ಯವಿದೆ. ಆದರೆ ಊರಲ್ಲಿ ಕದ್ದುಮುಚ್ಚಿ ನಡೆಯುತ್ತಿದ್ದದ್ದು ದಿನನಿತ್ಯದ ರೂಢಿಯಾಗುವುದು ಕೇಳುವವರಿಲ್ಲದ ರೂಮಿನಲ್ಲಿ. ಹಾಗೆಂದು ಹಾಸ್ಟೆಲ್ ಗೇಟಿಗೆ ಬೇಗ ಬೀಗ ಹಾಕಿದರೆ ಹೊಟ್ಟೆ ತುಂಬುವುದಿಲ್ಲ, ನಿದ್ದೆಯೂ ಬರುವುದಿಲ್ಲ. ವರ್ಷಕ್ಕೊಂದು ವ್ಯಸನಮುಕ್ತಿ ಭಾಷಣದಿಂದಲೂ ಆಗುವುದು ಅಷ್ಟರಲ್ಲೇ ಇದೆ. ಮೊದಲ ಕ್ಲಾಸಿಗೆ ಮುಂಚೆ ಕ್ಯಾಂಟೀನಿನಲ್ಲಿ ಅಗ್ಗದ ತಿಂಡಿ ಸಿಗಬೇಕು. ಮಳೆಗಾಲಕ್ಕೆ ಸೂರಿರುವ ಆಟದ ಜಾಗ ಬೇಕು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಸಂಖ್ಯೆ ಮೊದಲ ವಾರದಲ್ಲೇ ಹೊಸಬರಿಗೆ ಗೊತ್ತಾಗಬೇಕು. ಶನಿವಾರ ಕ್ಲಾಸು ಮುಗಿಯುವ ಹೊತ್ತಿಗೆ ಕಳಸಕ್ಕೊಂದು ಬಸ್ಸು ಹೊರಡಬೇಕು, ಸೋಮವಾರ ಮೊದಲ ಬೆಲ್ಲಿಗೆ ಮುಂಚೆ ಅದು ಮಕ್ಕಳನ್ನು ತಂದು ಮುಟ್ಟಿಸಬೇಕು.